ಅಲುಗದ ಆರು ಡಿಗ್ರಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್ ನಡೆಸುತ್ತಿದ್ದ ಒಬ್ಬರು ನನಗೊಂದು ಕೆಲಸ ಒಪ್ಪಿಸಿದರು: ಅಲ್ಲಿನ ಉಷ್ಣತೆ ಇಲ್ಲಿನ ಆಫೀಸಿನಲ್ಲಿ ಕಾಣಬೇಕು. ನಡುವೆ ಇದ್ದದ್ದು ಹೋಗಲೊಂದು, ಬರಲೊಂದು ಜೋಡಿ ಟೆಲಿಫೋನ್ ತಂತಿ. ನೆಟ್‌ವರ್ಕ್ ಕಾರ್ಡ್ ಇಲ್ಲದಿದ್ದರೂ ಇದೆಯೆಂದು ಕಂಪ್ಯೂಟರನ್ನು ನಂಬಿಸುವ ಡ್ರೈವರ್ ಎಂಬ ಪ್ರೋಗ್ರಾಂ ಬರೆದೆ. ತಂತಿಯ ಮೇಲಿನ ಮಾತುಕತೆಯ ನಿಯಮಗಳನ್ನೂ ನಾನೇ ಕಟ್ಟಿದೆ. ಬ್ಯಾಡಗಿಯ ಯಂತ್ರ ಆ ಹೊತ್ತಿನ ಉಷ್ಣತೆಯನ್ನು ಒಂದು ಪ್ಯಾಕೆಟ್ ಮಾಡಿ ಕಳಿಸಬೇಕು. ‘ಮುಟ್ಟಿತು’ ಎಂಬ ಉತ್ತರ ಬರುವವರೆಗೆ ಅದನ್ನೇ ಮತ್ತೆ ಮತ್ತೆ ಕಳಿಸಬೇಕು. ಪ್ಯಾಕೆಟ್‌ಗಳಿಗೆ ಕ್ರಮಸಂಖ್ಯೆ ಹಾಕಿರಲಿಲ್ಲ. ಬೇಕೆನಿಸಿರಲಿಲ್ಲ.

ಮೂರು ವಾರ ಚೆನ್ನಾಗಿ ನಡೆಯಿತು. ಒಂದು ಮಧ್ಯಾಹ್ನ ಆಫೀಸಿಗೆ ಹೋದಾಗ ಪರದೆಯ ಮೇಲೆ ಆರು ಡಿಗ್ರಿ. ಚಹಾ ಕುಡಿದು ಬಂದೆ, ಆಗಲೂ ಆರು. ಬ್ಯಾಡಗಿಯಲ್ಲಿ ಬಾಗಿಲು ತೆಗೆದು ಚೀಲ ಹೊತ್ತು ತರುವ ಹೊತ್ತಿನಲ್ಲಿ ಅದು ಚೂರಾದರೂ ಏರಬೇಕಿತ್ತು.

“ಯಾವಾಗಿಂದ ಹಿಂಗ ಐತ್ರಿ?” ಗುಮಾಸ್ತರನ್ನು ಕೇಳಿದೆ.

“ಮುಂಜಾನಿಂದ ಹಂಗ ಐತ್ರಿ ಬಾಯಾರ. ಛಲೋ ಅಲ್ಲೇನ್ರಿ?”

ಬ್ಯಾಡಗಿಗೆ ಫೋನ್ ಮಾಡಿದೆ. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಸಿಕ್ಕ ಬಸ್ಸು ಹತ್ತಿದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಘಾಟು ಯಾರಿಗೂ ಹೊಸದಲ್ಲ. ಆದರೆ ಕೋಲ್ಡ್ ಸ್ಟೋರೇಜ್ ಹತ್ತಿರವಾದಂತೆ ಅದನ್ನೂ ಮೀರಿ, ತಂಪಿನ ಯಂತ್ರದಿಂದ ಸೋರಿದ ಅಮೋನಿಯಾ ಅನಿಲ ಮೂಗಿಗೆ ಬಡಿಯಿತು. ಹಮಾಲರು ಮುಖಕ್ಕೆ ಒದ್ದೆ ಟವೆಲ್ ಒತ್ತಿಕೊಂಡು ರಸ್ತೆಯಾಚೆ ನಿಂತಿದ್ದರು. ತಂಪಿನ ಯಂತ್ರ ನೋಡಿಕೊಳ್ಳುವ ಚಾಚಾ ನೆಲದ ಮೇಲೆ ಕೂತಿದ್ದರು. ಒಬ್ಬ ಅವರ ಕಣ್ಣಿಗೆ ನೀರು ಹಾಕುತ್ತಿದ್ದ.

“ಒಳಗ ಯಾರರ ಅದಾರೇನ್ರಿ ಚಾಚಾ?”

“ಯಾರೂ ಇಲ್ಲ ಬೇಟಿ. ವಾಲ್ವ್ ಬಂದ್ ಮಾಡಿ ಬಂದೇನಿ.” ಕೆಮ್ಮು ನಿಂತ ಮೇಲೆ ಹೇಳಿದರು: “ಮುಂಜಾನಿಂದ ಥಂಡಿ ಕಡಿಮಿ ಆಗಾಕತ್ತಿತ್ತು. ರಾಣೆಬೆನ್ನೂರಾಗ ನೋಡಾಕತ್ತಾರ, ಏನರ ಇದ್ರ ಫೋನ್ ಮಾಡ್ತಾರ ಅಂತ ಸುಮ್ನಿದ್ನಿ.”

ಉತ್ತರ ಹೋಗುವ ತಂತಿ ಕೆಟ್ಟಿತ್ತು. ‘ಮುಟ್ಟಿತು’ ಎಂಬುದು ತಲುಪದೆ, ಬ್ಯಾಡಗಿಯ ಯಂತ್ರ ಮುಂಜಾನೆಯ ಒಂದೇ ಪ್ಯಾಕೆಟ್ಟನ್ನು ದಿನವಿಡೀ ಕಳಿಸಿತ್ತು. ನನ್ನ ಡ್ರೈವರ್ ಪ್ರತಿ ಸಲವೂ ಅದನ್ನು ಹೊಸದೆಂದು ತೆಗೆದುಕೊಂಡಿತ್ತು. ಕ್ರಮಸಂಖ್ಯೆ ಇದ್ದಿದ್ದರೆ ಅದು ಹಳೆಯದೆಂದು ತಿಳಿಯುತ್ತಿತ್ತು; ಸೇರಿಸಲು ಬೇಕಾದದ್ದು ಕೆಲವೇ ಸಾಲು.

“ತಂತಿ ಕೆಟ್ಟರ ನೀವೇನ ಮಾಡ್ತೀರಿ” ಎಂದು ಮಾಲೀಕರು ಬಿಟ್ಟುಬಿಟ್ಟರು. ನನಗೆ ಬಿಡಲಾಗಲಿಲ್ಲ. ಚಾಚಾರ ಮನೆಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. ಎಡಗಣ್ಣಿನ ಮಂಜು ಇನ್ನು ಹೋಗುವುದಿಲ್ಲವೆಂದು ಡಾಕ್ಟರು ಅವರಿಗೆ ಹೇಳಿದ್ದರು.

ಅವರು ಬಲಗಣ್ಣು ನನ್ನತ್ತ ಬರುವಂತೆ ಮುಖ ತಿರುಗಿಸಿದರು. “ಈಗ ಬರೋಬ್ಬರಿ ಐತೇನು?”

“ನನಗ ಕಂಡ ತಪ್ಪು ತಿದ್ದೇನ್ರಿ.”

“ಕಾಣದ್ದು?”