ಮಗಳ ಮೆದುಳಿನ ಬಿಳಿ ಚುಕ್ಕೆಗಳು

ಹೆರಿಗೆಯಾದ ಮರುದಿನ ಮಗಳ ಎಡಗಾಲು ತಾನಾಗಿ ಅದುರತೊಡಗಿತು. ಮೆಲ್ಲಗೆ ಹಿಡಿದುಕೊಂಡೆ. ನನ್ನ ಅಂಗೈಯೊಳಗೂ ಅದುರುತ್ತಲೇ ಇತ್ತು. ನರ್ಸ್ ನೋಡಿದವಳೇ ಮಗುವನ್ನು ಎತ್ತಿಕೊಂಡು ಹಸುಳೆಗಳ ತೀವ್ರ ನಿಗಾ ಘಟಕಕ್ಕೆ, ಎನ್‌ಐಸಿಯುಗೆ ಓಡಿದಳು.

ಫಿಟ್ಸ್.

ಮೂರನೇ ದಿನ ಎಂಆರ್‌ಐ ಆಯಿತು. ಡಾಕ್ಟರ್ ಪರದೆಯ ಮೇಲೆ ತೋರಿಸಿದರು. ಮೆದುಳಿನ ಒಳಭಾಗದ ವೈಟ್ ಮ್ಯಾಟರ್‌ನಲ್ಲಿ ಸಾಸಿವೆ ಕಾಳಿನಷ್ಟು ನಾಲ್ಕೈದು ಬಿಳಿ ಚುಕ್ಕೆಗಳು. ಅವು ಗಾಯಗಳಂತೆ. ಮುಂದೆ ನಡೆಯುತ್ತಾಳಾ ಎಂದು ನನ್ನ ಗಂಡ ಕೇಳಿದರು.

"ಕೆಲವು ಮಕ್ಕಳಿಗೆ ಏನೂ ಆಗಲ್ಲ. ಕೆಲವರಿಗೆ ನಡಿಗೆ, ಮಾತು ತಡ ಆಗುತ್ತೆ. ಈಗಲೇ ಹೇಳಕ್ಕಾಗಲ್ಲ," ಎಂದರು ಡಾಕ್ಟರ್.

ಗಂಡನ ಮನೆಯವರು ಕಾಡುಗೋಡಿಯ ಹಳಬರು. ಸಂಜೆಯೊಳಗೆ ಸುದ್ದಿ ನೆಂಟರಿಷ್ಟರಿಗೆಲ್ಲ ಮುಟ್ಟಿತು. ನೋಡಲು ಬಂದವರು ಮಗು ಹೇಗಿದೆ ಎಂದು ಕೇಳಲಿಲ್ಲ. ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿದ್ದೆಯಾ, ತುಂಬು ಬಸುರಿನಲ್ಲೂ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆಯಾ ಎಂದು ನನ್ನನ್ನೇ ವಿಚಾರಿಸಿದರು. ಸ್ಯಾನಿಟೈಸರ್ ವಾಸನೆ, ನೈಟಿಗೆ ಅಂಟಿ ಹುಳಿಯಾದ ನನ್ನದೇ ಹಾಲಿನ ವಾಸನೆ, ಅವರ ಅಯ್ಯೋಪಾಪ, ಎಲ್ಲವೂ ಕೋಣೆಯಲ್ಲಿ ತುಂಬಿಕೊಂಡಿದ್ದವು.

ನಾಲ್ಕನೇ ದಿನ ಅತ್ತೆ ಎನ್‌ಐಸಿಯು ಹೊರಗಿನ ಬೆಂಚಿನಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಬೆರಳು ಚೀಪಿಕೊಂಡು ಹೇಳಿದರು: "ಎಣ್ಣು ಬೇರೆ. ಜಾಸ್ತಿ ಅಚ್ಕೊಬ್ಯಾಡ ಕಣಮ್ಮ. ಇನ್ನೊಂದು ಆಯ್ತದೆ."

ನಾನು ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿದೆ.

ಬೇಸಿನ್ ಹಿಡಿದು ನಿಂತಾಗ ತಿಳಿಯಿತು, ಅಸಹ್ಯ ಅತ್ತೆಯ ಮೇಲೆ ಮಾತ್ರವಲ್ಲ. ಅಂದು ಬೆಳಗ್ಗೆ ಹಾಲು ಪಂಪ್ ಮಾಡುತ್ತಾ ನಾನೂ ಅದನ್ನೇ ಯೋಚಿಸಿದ್ದೆ. ಎರಡು ದಿನದಿಂದ ಮಗುವನ್ನು ಮುಟ್ಟಿರಲಿಲ್ಲ. ಹೊಲಿಗೆ ನೋಯುತ್ತಿದೆ ಎಂದು ನರ್ಸ್‌ಗೆ ಸುಳ್ಳು ಹೇಳಿದ್ದೆ. ಅತ್ತೆ ಬಾಯಿಬಿಟ್ಟು ಹೇಳಿದರು, ನಾನು ಹೇಳಿರಲಿಲ್ಲ. ಅಷ್ಟೇ ವ್ಯತ್ಯಾಸ.

ಮುಖ ತೊಳೆದು ಹೊರಗೆ ಬಂದೆ.

"ಅತ್ತೆ, ಇನ್ನೊಂದ್ಸಲ ಹೀಗೆ ಮಾತಾಡೋದಾದ್ರೆ ನಾಳೆಯಿಂದ ನೀವು ಬರೋದು ಬೇಡ."

ಅವರು ಚಿತ್ರಾನ್ನದ ಡಬ್ಬಿ ಮುಚ್ಚಿದರು. ನಾನು ಒಳಗೆ ಹೋಗಿ ಮಗುವನ್ನು ಕೊಡಿ ಎಂದೆ. ನರ್ಸ್ ವೈರುಗಳನ್ನು ಸರಿಸಿ ಅವಳನ್ನು ನನ್ನ ಎದೆಯ ಮೇಲೆ ಮಲಗಿಸಿದಳು. ಮೈ ಬೆಚ್ಚಗಿತ್ತು. ಔಷಧಿಯ ವಾಸನೆ ಬರುತ್ತಿತ್ತು. ಆ ಕ್ಷಣವೇ ಪ್ರೀತಿ ಉಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಭಯವಾಯಿತು. ಆದರೂ ಒಂದು ಗಂಟೆ ಹಾಗೇ ಕೂತಿದ್ದೆ.

ಈಗ ಅವಳಿಗೆ ಒಂಬತ್ತು ತಿಂಗಳು. ಫಿಟ್ಸ್ ಮತ್ತೆ ಬಂದಿಲ್ಲ. ಎಡಗಾಲು ಸ್ವಲ್ಪ ಬಿಗಿ. ವಾರಕ್ಕೆ ಮೂರು ದಿನ ವೈಟ್‌ಫೀಲ್ಡಿಗೆ ಫಿಸಿಯೋಥೆರಪಿಗೆ ಹೋಗುತ್ತೇವೆ. ಮಿಕ್ಕ ದಿನ ಅತ್ತೆಯೇ ಚಾಪೆ ಹಾಸಿ ವ್ಯಾಯಾಮ ಮಾಡಿಸುತ್ತಾರೆ. ಆ ಮಾತನ್ನು ಅವರು ಮತ್ತೆ ಆಡಿಲ್ಲ. ನಾನು ಅದನ್ನು ಮರೆತಿಲ್ಲ, ಅಂದು ಬೆಳಗ್ಗೆ ನಾನೇ ಯೋಚಿಸಿದ್ದನ್ನೂ.

ಹೋದ ವಾರ ಮಗಳು ಯಾರ ಆಸರೆಯೂ ಇಲ್ಲದೆ ಕೂತಳು. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಪಕ್ಕಕ್ಕೆ ಉರುಳಿ ಅತ್ತಳು. ಎತ್ತಿ ಮತ್ತೆ ಕೂರಿಸಿದೆ.