ಹಲ್ಲಿನಿಂದ ಕೇಳುವ ಯಲ್ಲಾಲಿಂಗಪ್ಪ

ನಾಸಿಕ್ ಊರಿನ ಯಾವ ಮನೆಯ ಹಳೆಯ ಗ್ರಾಮಫೋನು ಕೆಮ್ಮಲಿ, ಕೀರಲಿ, ಅದಕ್ಕೆ ವೈದ್ಯರು ವಿಜಯಪುರದಿಂದ ಬಂದು ನೆಲೆಸಿದ ಯಲ್ಲಾಲಿಂಗಪ್ಪನವರೇ. ಪೆಟ್ಟಿಗೆ ಅಂಗಡಿಗೆ ಬಂದೊಡನೆ ಇಡೀ ಗಲ್ಲಿಯನ್ನು ಗದರಿಸುತ್ತಾರೆ: "ಗಪ್ಪ ಕೂಡ್ರಿ, ಪೇಶಂಟ್ ಮಾತಾಡಾಕತ್ತೈತಿ!" ಎದುರಿನ ಮಿಸಳ್ ತಿಂಡಿಯ ಅಂಗಡಿಯವ ಸೌಟು ಬಡಿಯುವುದನ್ನೂ ನಿಲ್ಲಿಸುತ್ತಾನೆ. ಆಮೇಲೆ ತಟ್ಟೆ ತಿರುಗಿಸಿ, ಪೆಟ್ಟಿಗೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ರೋಗ ಹೇಳುತ್ತಾರೆ: "ಮುಳ್ಳು ಮೊಂಡಾಗೇತಿ, ಒಳಗಿನ ರಬ್ಬರ್ ಒಣಗೇತಿ." ಎಂಥ ನಾಟಕವಪ್ಪಾ ಎಂದು ಗಿರಾಕಿಗಳು ನಗುತ್ತಾರೆ, ಹೆಂಡತಿ ಗುಂಡವ್ವ ಮಾತ್ರ ನಗುವುದಿಲ್ಲ. ಸೋರಿ ಸೋರಿ ಗಂಡನ ಎರಡೂ ಕಿವಿ ಹೋಗಿವೆ, ಸದ್ದು ಈಗ ಎಲುಬಿನ ಮೂಲಕವೇ ಅವರನ್ನು ಮುಟ್ಟುತ್ತದೆ ಎಂಬುದು ಆಕೆಯೊಬ್ಬಳಿಗೇ ಗೊತ್ತು. ಸಂಜೆ ಅಂಗಡಿಯ ಬಾಗಿಲೆಳೆದ ಮೇಲೆ ಆಕೆ ಅವರ ಹಣೆಗೆ ತನ್ನ ಹಣೆ ಆನಿಸಿ ಸೋಬಾನೆ ಹಾಡುತ್ತಾಳೆ. "ದನಿ ಒಂದೀಟು ಒಡದೈತಿ ನೋಡು," ಎನ್ನುತ್ತಾರೆ ಯಲ್ಲಾಲಿಂಗಪ್ಪ, "ಇರ್ಲಿ, ಇದನ್ನ ನಾ ರಿಪೇರಿ ಮಾಡೂದಿಲ್ಲ."