ಹಲ್ಲಕ್ಕನ ಹಗಲುದೀಪ

ಮೇಷ್ಟ್ರು ಅವಳನ್ನು ಮೊದಲು ಕಂಡ ದಿನ ಅವರ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಶಾಲೆಯಿಂದ ನಿವೃತ್ತರಾದ ಮೇಲೆ ಉಳಿದಿದ್ದ ನಾಲ್ಕನ್ನೂ ಕೀಳಿಸಿ, ಕಟ್ಟಿಸಿದ ಹಲ್ಲಿನ ಸೆಟ್ಟಿಗಾಗಿ ದಂತವೈದ್ಯರ ಕೋಣೆಯಲ್ಲಿ ಬೆಂಚಿನ ಮೇಲೆ ಕಾದು ಕುಳಿತಿದ್ದರು. ಹನ್ನೊಂದಕ್ಕೆ ಬರಬೇಕಾದ ಸೆಟ್ಟು ಹನ್ನೆರಡಾದರೂ ಬರಲಿಲ್ಲ. ಹನ್ನೆರಡೂಕಾಲಿಗೆ ಬಾಗಿಲು ದೂಡಿಕೊಂಡು ಒಬ್ಬ ಹೆಂಗಸು ಬಂದಳು. ವಯಸ್ಸು ನಲವತ್ತರ ಆಚೀಚೆ. ಮೊಣಕೈ ತರಚಿ ರಕ್ತ ಹೆಪ್ಪುಗಟ್ಟಿತ್ತು, ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಎದೆಗವಚಿಕೊಂಡಿದ್ದ ನೀಲಿ ಡಬ್ಬವನ್ನು ಮೇಜಿನ ಮೇಲೆ ಮೆಲ್ಲಗೆ ಇಳಿಸಿದಳು.

"ಮೊದಲು ಸೆಟ್ಟು ನೋಡಿ ಡಾಕ್ಟ್ರೇ, ಎಲ್ಲಾದರೂ ಬಿರುಕು ಬಿಟ್ಟಿದೆಯಾ ಅಂತ."

"ನಿನ್ನ ಕೈ ನೋಡಬೇಕು ಮೊದಲು."

"ಕೈ ತಾನಾಗೇ ಕೂಡಿಕೊಳ್ಳುತ್ತೆ. ಹಲ್ಲು ಕೂಡಿಕೊಳ್ಳಲ್ಲ."

ಕೂತುಕೋ ತಾಯಿ ಎನ್ನಬೇಕೆಂದು ಮೇಷ್ಟ್ರಿಗೆ ಅನಿಸಿತು. ಬಾಯಿಂದ ಬರೀ ಗಾಳಿ ಬಂತು. ಮಾತು ಬಿಟ್ಟು, ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಅವಳು ಕುಳಿತಳು. ಕಿತ್ತ ಚಪ್ಪಲಿಯನ್ನು ಕಳಚಿ ಪಕ್ಕಕ್ಕಿಟ್ಟಳು.

ಹಲ್ಲು ಕಟ್ಟುವ ಲ್ಯಾಬಿನಲ್ಲಿ ಅವಳ ಕೆಲಸ ತಿರುಗಾಟದ್ದು. ಊರಿನ ಹತ್ತೊಂಬತ್ತು ಕ್ಲಿನಿಕ್ಕುಗಳಿಂದ ಜನರ ಬಾಯಿಯ ಅಚ್ಚುಗಳನ್ನು ತರುವುದು, ಆದ ಹಲ್ಲುಗಳನ್ನು ಹಿಂದಕ್ಕೆ ಮುಟ್ಟಿಸುವುದು, ಎಲ್ಲವೂ ಸೈಕಲ್ಲಿನಲ್ಲಿ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಹಲ್ಲಕ್ಕ. ಸೈಕಲ್ ಕಲಿತದ್ದು ಮೂವತ್ತು ದಾಟಿದ ಮೇಲೆ. ಹಿಂದಿನ ಕ್ಯಾರಿಯರ್ ಹಿಡಿದು ಓಡಿ ಓಡಿ ಕಲಿಸಿದವಳು ಅತ್ತೆ. ಕಲಿತ ವರ್ಷವೇ ಈ ಕೆಲಸ ಸಿಕ್ಕಿತು. ಹನ್ನೊಂದು ವರ್ಷದಲ್ಲಿ ಒಂದು ಅಚ್ಚೂ ಅವಳ ಕೈಯಲ್ಲಿ ಒಡೆದಿರಲಿಲ್ಲ. ಯಾವ ರಸ್ತೆಯ ಗುಂಡಿ ಎಲ್ಲಿದೆ, ಯಾವ ಡಾಕ್ಟರು ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಅಂದು ನಡೆದದ್ದು ಇಷ್ಟು. ಹಾಡುಹಗಲು, ನೆತ್ತಿಯ ಮೇಲೆ ಸೂರ್ಯ, ಅಗಲವಾದ ರಸ್ತೆ. ಪಕ್ಕದ ಬೀದಿಗೆ ತಿರುಗಿದ ಕಾರೊಂದು ಅವಳ ಹಿಂದಿನ ಚಕ್ರಕ್ಕೆ ತಾಗಿತು. ಬೀಳುವಾಗಲೂ ಡಬ್ಬ ಮೇಲಿತ್ತು, ಅವಳು ಕೆಳಗಿದ್ದಳು. ಕಾರಿನವನು ಇಳಿದು ಬಂದು ಬಿಳಿಚಿದ ಮುಖದಲ್ಲಿ, "ಕಾಣಲೇ ಇಲ್ಲಮ್ಮಾ, ಆಣೆಗೂ ಕಾಣಲಿಲ್ಲ," ಎಂದ. ಮೊಣಕೈಗಿಂತ ಹೆಚ್ಚು ನೋಯಿಸಿದ್ದು ಆ ಮಾತು. ಅವನು ಸುಳ್ಳು ಹೇಳಿದ್ದರೆ ಬೈದು ಹಗುರಾಗಬಹುದಿತ್ತು. ಅವನು ನಿಜವನ್ನೇ ಹೇಳುತ್ತಿದ್ದ.

ಲ್ಯಾಬಿನ ಯಜಮಾನರು ಮಿತಭಾಷಿ, ಕೆಟ್ಟವರಲ್ಲ. ಮರುದಿನ ಅವಳನ್ನು ಕರೆದು ಹೇಳಿದರು: "ಮುಂದಿನ ತಿಂಗಳಿಂದ ಸ್ಕೂಟರಿನವನೊಬ್ಬ ಬರ್ತಾನೆ. ನೀನು ಒಳಗೆ ಅಚ್ಚು ಉಜ್ಜೋ ಮೇಜಿನ ಹತ್ರ ಕೂತ್ಕೋ. ಸಂಬಳ ಅದೇ."

"ನನ್ನ ತಪ್ಪೇನು ಸಾರ್?"

"ತಪ್ಪಲ್ಲಮ್ಮ. ಜನಕ್ಕೆ ನೀನು ಕಾಣಲ್ಲ. ನಾಳೆ ನಿನ್ನ ಮನೆಯವರಿಗೆ ನಾನು ಏನು ಹೇಳ್ಲಿ?"

ನಾಲ್ಕು ಗೋಡೆಯ ನಡುವೆ ಸುಣ್ಣದಂಥ ಪುಡಿಯಲ್ಲಿ ಮುಳುಗಿ ಕೂರುವುದು ಅವಳಿಂದಾಗದ ಕೆಲಸ. ಹತ್ತೊಂಬತ್ತು ಬಾಗಿಲುಗಳಲ್ಲಿ "ಹಲ್ಲಕ್ಕ ಬಂದ್ಲು" ಎಂದು ಕೇಳಿಸಿಕೊಂಡವಳು ಅವಳು. ತಿಂಗಳು ಮುಗಿಯಲು ಇನ್ನೂ ಹದಿನಾರು ದಿನವಿತ್ತು. ಕಾಣುವುದಿಲ್ಲ ಎಂಬುದೇ ತೊಂದರೆಯಾದರೆ ಕಾಣುವ ಹಾಗೆ ಮಾಡಿಕೊಂಡರಾಯಿತು ಎಂದುಕೊಂಡು ಅಂದು ಸಂಜೆಯೇ ಸೈಕಲ್ ಅಂಗಡಿಗೆ ಹೋದಳು.

ಅಂಗಡಿಯವನು ಅವಳನ್ನು ಹಿಂಬದಿಯ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಒಂದು ದೊಡ್ಡ ಲೈಟನ್ನು ಹಚ್ಚಿದ. ಗೋಡೆಯ ಮೇಲಿನ ಜೇಡರ ಬಲೆಯ ಎಳೆ ಎಳೆಯೂ ಕಂಡಿತು. "ಇದಕ್ಕಿಂತ ಜೋರು ಬೇಕಾದ್ರೆ ಸೂರ್ಯನ್ನೇ ಕಟ್ಕೋಬೇಕು ಅಕ್ಕಾ," ಎಂದ. ಅವಳು ನಂಬಿದಳು, ಕೊಂಡಳು.

ರಜೆಯ ದಿನ ಮಧ್ಯಾಹ್ನ ಅತ್ತೆಯನ್ನು ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂರಿಸಿ, ತಾನು ಬೀದಿಯ ಆ ತುದಿಗೆ ಹೋಗಿ ಲೈಟು ಹಾಕಿಕೊಂಡು ಬಂದಳು. ಅತ್ತೆಗೆ ಒಂದು ಕಣ್ಣಿನ ಪೊರೆ ತೆಗೆದಿತ್ತು, ಇನ್ನೊಂದರದು ಬಾಕಿಯಿತ್ತು. "ನನಗೆ ಕಂಡರೆ ಲೋಕಕ್ಕೆಲ್ಲ ಕಂಡ ಹಾಗೆ," ಎಂದು ಮುದುಕಿಯೇ ಮುಂದಾಗಿ ಒಪ್ಪಿಕೊಂಡ ಕೆಲಸ. ಕಂಡ ಕೂಡಲೇ ಕೈ ಎತ್ತಬೇಕು. ಸೊಸೆ ಮೂರು ಲೈಟುಕಂಬ ದಾಟಿದಳು, ಕೈ ಏಳಲಿಲ್ಲ. ಗೇಟಿನ ಹತ್ತಿರ ಬಂದು ಬ್ರೇಕು ಹಿಡಿದಾಗ ಅತ್ತೆ, "ಯಾವಾಗ ಹೊರಡ್ತೀಯೇ?" ಎಂದು ಬೀದಿಯತ್ತ ಕೂಗಿದಳು.

"ಬಂದೇಬಿಟ್ಟೆ ಅತ್ತೆ."

"ಲೈಟು ಹಾಕ್ಕೋಬೇಕಿತ್ತು ಮತ್ತೆ."

"ಹಾಕಿದೆ."

ಅತ್ತೆ ಬಗ್ಗಿ ನೋಡಿದಳು. "ಇದಾ? ಸೂರ್ಯನಿಗೆ ದೀಪ ಹಿಡಿದ ಹಾಗಾಯ್ತು ಬಿಡು."

ಎರಡು ದಿನ ಅವಳಿಗೆ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಲ್ಯಾಬಿನಲ್ಲಿ ಡಬ್ಬ ತುಂಬಿಸುತ್ತಿದ್ದಾಗ ಯಜಮಾನರು ಫೋನಿನಲ್ಲಿ ಯಾವುದೋ ಕ್ಲಿನಿಕ್ಕಿನವರಿಗೆ ಗದರುತ್ತಿದ್ದರು: "ಟ್ಯೂಬ್‌ಲೈಟ್ ಕೆಳಗೆ ಹಲ್ಲಿನ ಬಣ್ಣ ಆರಿಸಿದ್ದೀರಾ? ಕಿಟಕಿ ಹತ್ರ ಹೋಗಿ ನೋಡಿ ಅಂತ ಎಷ್ಟು ಸಲ ಹೇಳ್ಬೇಕು? ಆ ಹಲ್ಲು ತಿರುಗಾಡೋದು ಬಿಸಿಲಲ್ಲಿ."

ಅವಳ ಕೈ ಡಬ್ಬದ ಮೇಲೆ ಹಾಗೇ ನಿಂತಿತು. ಹಲ್ಲು ಕಟ್ಟುವವರ ಮೊದಲ ಪಾಠವೇ ಅದು. ಬಿಳಿಯಲ್ಲಿ ಹದಿನಾರು ಬಗೆಯಿದೆ, ಕೋಣೆಯ ಬೆಳಕಿನಲ್ಲಿ ಎಲ್ಲವೂ ಒಂದೇ ಥರ ಕಂಡು ಮೋಸ ಮಾಡುತ್ತವೆ. ಅದಕ್ಕೆಂದೇ ಲ್ಯಾಬಿನ ಮೂರನೇ ಮಹಡಿಯಲ್ಲಿ ರಸ್ತೆಯ ಕಡೆಗೆ ಪರದೆಯಿಲ್ಲದ ದೊಡ್ಡ ಕಿಟಕಿ ಇಟ್ಟಿದ್ದರು. ಹೊಸ ನರ್ಸುಗಳಿಗೆಲ್ಲ ಈ ಪಾಠವನ್ನು ಒಪ್ಪಿಸುತ್ತಿದ್ದವಳು ಹಲ್ಲಕ್ಕನೇ. ಅಂಥವಳು ಹಗಲಿನ ದೀಪವನ್ನು ಕತ್ತಲೆ ಕೋಣೆಯಲ್ಲಿ ಆರಿಸಿಕೊಂಡು ಬಂದಿದ್ದಳು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತಲ್ಲ ಎಂದು ತನಗೆ ತಾನೇ ನಕ್ಕಳು.

ಮುಂದಿನ ರಜೆಯ ದಿನ ಹನ್ನೆರಡು ಗಂಟೆಗೆ ಅತ್ತೆಯನ್ನೂ ಕರೆದುಕೊಂಡು ಅಂಗಡಿಗೆ ಹೋದಳು.

"ಇರೋ ಲೈಟನ್ನೆಲ್ಲ ಹೊರಗೆ ತಗೊಂಡು ಬಾ."

"ಬಿಸಿಲಲ್ಲಿ ಯಾರಕ್ಕಾ ಲೈಟು ನೋಡ್ತಾರೆ?" ಎಂದ ಅಂಗಡಿಯವನು.

"ಬಿಸಿಲಲ್ಲೇ ನನಗೆ ಗುದ್ದಿದ್ದು."

ಅವನು ಅತ್ತೆಗೆ ಅಂಗಡಿಯ ಮುಂದೆ ಸ್ಟೂಲು ಹಾಕಿದ. ರಸ್ತೆಯ ಕೊನೆಯ ಕಾಂಪೌಂಡು ಗೋಡೆಯ ಮೇಲೆ ಐದು ಲೈಟುಗಳನ್ನು ಸಾಲಾಗಿ ಇಟ್ಟು ಹಚ್ಚಿದರು. ಎಲ್ಲಕ್ಕಿಂತ ದೊಡ್ಡದು ಬಿಸಿಲಿನಲ್ಲಿ ಕರಗಿಹೋಯಿತು. ಬೆಳಕನ್ನು ನೆಲದಗಲಕ್ಕೂ ಚೆಲ್ಲುವ ಲೈಟು ಅದು, ದೂರಕ್ಕೆ ಏನೂ ಉಳಿಯುತ್ತಿರಲಿಲ್ಲ. ಇನ್ನೊಂದು ಎಡೆಬಿಡದೆ ಪಟಪಟನೆ ಮಿಟುಕುತ್ತಿತ್ತು. "ಅದು ಹೆದರಿಕೊಂಡ ಹಾಗಿದೆ," ಎಂದಳು ಅತ್ತೆ. ಕೊನೆಗೆ ಬಲತುದಿಯ ಪುಟ್ಟ ಲೈಟಿನ ಕಡೆಗೆ ಬೆರಳು ಮಾಡಿದಳು. ಹೆಬ್ಬೆರಳ ಗಾತ್ರ. ಬೆಳಕನ್ನು ಒಟ್ಟುಮಾಡಿ ನೇರವಾಗಿ ಕಳಿಸುತ್ತಿತ್ತು. ಎರಡು ಸಲ ಚುರುಕಾಗಿ ಮಿಟುಕುವುದು, ಒಂದು ಕ್ಷಣ ಸುಮ್ಮನಿರುವುದು, ಮತ್ತೆ ಎರಡು ಸಲ ಮಿಟುಕುವುದು.

"ಉಳಿದವೆಲ್ಲ ಸುಮ್ಮನೆ ಉರೀತಿವೆ. ಅದೊಂದು ಕರೀತಿದೆ ಕಣೇ."

"ಅಜ್ಜಿ, ಅದು ಹಗಲಿಗೇ ಅಂತ ಮಾಡಿರೋದು. ಯಾರೂ ಕೇಳಲ್ಲ ಅಂತ ಮೂಲೆಗೆ ಹಾಕಿದ್ದೆ," ಎಂದು ಅಂಗಡಿಯವನು ತಲೆ ಕೆರೆದುಕೊಂಡ. "ಇದರ ಜೊತೆಯ ಕೆಂಪು ಲೈಟು ಸೈಕಲ್ಲಿನ ಹಿಂಬದಿಗೆ."

ಮೊದಲಿನ ಲೈಟನ್ನು ಅವನೇ ಹಿಂದಕ್ಕೆ ತೆಗೆದುಕೊಂಡ. ಆದರೆ ಕೆಂಪನ್ನು ಸೀಟಿನ ಕೆಳಗೆ ಕಟ್ಟಿದಾಗ ಕ್ಯಾರಿಯರಿನ ಮೇಲಿನ ಹಲ್ಲಿನ ಡಬ್ಬವೇ ಅದಕ್ಕೆ ಅಡ್ಡವಾಯಿತು. ಹಲ್ಲಕ್ಕ ಅದನ್ನು ಬಿಚ್ಚಿಸಿ ಡಬ್ಬದ ಬೆನ್ನಿಗೇ ಪಟ್ಟಿ ಹಾಕಿ ಕೂರಿಸಿದಳು. ಮುಂದಿನದನ್ನು ಅಂಗಡಿಯವನು ಅಭ್ಯಾಸಬಲದಿಂದ ನೆಲದ ಕಡೆಗೆ ಬಾಗಿಸಿದ್ದ. "ನೆಲಕ್ಕೆ ನಾನು ಕಾಣಬೇಕಾಗಿಲ್ಲ," ಎಂದು ಅದನ್ನು ಎದುರಿಗೆ ನೇರ ಮಾಡಿದಳು.

ತಿಂಗಳ ಕೊನೆಯ ದಿನ ಬೆಳಿಗ್ಗೆ ಯಜಮಾನರ ಮುಂದೆ ನಿಂತಳು. "ಸಾರ್, ಇವತ್ತು ಹನ್ನೆರಡಕ್ಕೆ ಬಣ್ಣ ನೋಡೋ ಕಿಟಕಿ ಹತ್ರ ನಿಂತಿರಿ. ನಾನು ಔಷಧಿ ಅಂಗಡಿ ದಾಟೋದರೊಳಗೆ ನಿಮಗೆ ಕಾಣದಿದ್ರೆ, ನಾಳೆಯಿಂದ ಬಾಯಿ ಮುಚ್ಚಿಕೊಂಡು ಮೇಜಿಗೆ ಕೂತ್ಕೋತೀನಿ."

"ಔಷಧಿ ಅಂಗಡಿ ದೂರ ಆಯ್ತಮ್ಮ. ಇಷ್ಟು ದಿನ ನೀನು ಗೇಟಿಗೆ ಬರೋವರೆಗೂ ನನಗೆ ಗೊತ್ತಾಗ್ತಿರಲಿಲ್ಲ."

"ಅದಕ್ಕೇ ಹೇಳಿದ್ದು ಸಾರ್."

ಹನ್ನೆರಡರ ಹೊತ್ತಿಗೆ ಅಚ್ಚು ತುಂಬಿದ ಡಬ್ಬದೊಡನೆ ಲ್ಯಾಬಿನ ಕಡೆಗೆ ಹಿಂದಿರುಗಿದಳು. ದಾರಿಯಲ್ಲಿ ಶಾಲೆಯ ಹುಡುಗಿಯೊಬ್ಬಳು, "ಆಂಟೀ, ಲೈಟು ಉರೀತಿದೆ," ಎಂದಳು. ಎದುರಿನ ಬಸ್ಸಿನ ಚಾಲಕ ಕೈ ಹೊರಹಾಕಿ ಬೆರಳು ಮಡಚಿ ಬಿಡಿಸಿ, ಆರಿಸು ಎಂದು ಸನ್ನೆ ಮಾಡಿದ. ಹಾಲಿನ ವ್ಯಾನಿನವನು, "ಹಗಲೂ ರಾತ್ರಿ ಗೊತ್ತಾಗಲ್ವಾ ಅಕ್ಕಾ?" ಎಂದು ಹಲ್ಲು ಕಿರಿದ. ಮೊದಲು ನಾಚಿಕೆಯಾಯಿತು. ಆಮೇಲೆ ತಟ್ಟನೆ ಹೊಳೆಯಿತು. ಹನ್ನೊಂದು ವರ್ಷದಲ್ಲಿ ಈ ರಸ್ತೆ ಅವಳೊಡನೆ ಮಾತಾಡಿದ್ದೇ ಇಲ್ಲ. ಇಂದು ಮೂವರು ಮಾತಾಡಿಸಿದ್ದರು. ಬೆನ್ನು ನೆಟ್ಟಗಾಯಿತು. ಔಷಧಿ ಅಂಗಡಿಯನ್ನು ದಾಟುವಾಗ ಕಿಟಕಿಯ ಕಡೆಗೆ ತಲೆ ಎತ್ತಲೂ ಇಲ್ಲ.

ಮೂರು ಮಹಡಿ ಹತ್ತಿ ಹೋದಾಗ ಯಜಮಾನರು ಇನ್ನೂ ಕಿಟಕಿಯ ಹತ್ತಿರವೇ ಇದ್ದರು. ಹದಿನಾರು ಬಿಳಿಯನ್ನು ಬಿಡಿಸಿ ಹೇಳುವ ಕಣ್ಣು ಅವರದು.

"ಔಷಧಿ ಅಂಗಡಿ ಹತ್ರ ಕಾಣಲಿಲ್ಲ," ಎಂದರು.

ಅವಳು ಡಬ್ಬವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅದಕ್ಕೂ ಮೊದಲು, ನೀರಿನ ಟ್ಯಾಂಕಿನ ತಿರುವಲ್ಲೇ ಕಂಡೆ." ಮೇಜಿನ ಮೇಲಿದ್ದ ಮರುದಿನದ ಕ್ಲಿನಿಕ್ಕುಗಳ ಪಟ್ಟಿಯನ್ನು ತೆಗೆದು ಅವಳ ಕೈಗೆ ಕೊಟ್ಟರು. "ಸ್ಕೂಟರಿನವನಿಗೆ ಬೇಡ ಅಂತ ಹೇಳ್ತೀನಿ. ತಿರುವಿನಲ್ಲಿ ಮಾತ್ರ ಹಿಂದೆ ನೋಡೋದು ಮರೀಬೇಡ. ಲೈಟಿದೆ ಅಂತ ಕಣ್ಣು ಮುಚ್ಕೊಂಡು ಹೋಗಬೇಡ."

"ಅತ್ತೇನೂ ಅದನ್ನೇ ಹೇಳಿದಾರೆ ಸಾರ್."

ಇದೆಲ್ಲ ಆಗಿ ಐದು ವರ್ಷವಾಯಿತು. ಕ್ಲಿನಿಕ್ಕುಗಳು ಈಗ ಇಪ್ಪತ್ತಮೂರು. ಸೈಕಲ್ ಅಂಗಡಿಯವನು ಹಗಲಿನ ಲೈಟು ಕೇಳುವವರನ್ನು ತಾನಾಗೇ ಬಿಸಿಲಿಗೆ ಕರೆತರುತ್ತಾನೆ. ಅತ್ತೆಯ ಎರಡನೇ ಕಣ್ಣಿನ ಪೊರೆಯೂ ಹೋಯಿತು. ಈಗ ಎಲ್ಲವೂ ಕಾಣುವುದರಿಂದ ತನ್ನ ತೀರ್ಪಿಗೆ ಬೆಲೆಯಿಲ್ಲ ಎಂಬುದು ಆ ಮುದುಕಿಯ ಕೊರಗು. ಹಲ್ಲಕ್ಕ ಬೆಳಿಗ್ಗೆ ಒಂಬತ್ತಕ್ಕೆ ಎರಡು ಲೈಟನ್ನೂ ಹಾಕಿ ಹೊರಡುತ್ತಾಳೆ, ಸಂಜೆ ಸೈಕಲ್ಲಿನಿಂದ ಇಳಿದ ಮೇಲೆಯೇ ಆರಿಸುತ್ತಾಳೆ.

ಮೊನ್ನೆ ಮಟಮಟ ಮಧ್ಯಾಹ್ನ ಮೇಷ್ಟ್ರು ತಮ್ಮ ಮನೆಯ ಗೇಟಿನ ಬಳಿ ನಿಂತಿದ್ದರು. ಬೀದಿಯ ಕೊನೆಯಲ್ಲಿ ಎರಡು ಸಲ ಮಿಟುಕಿ ಸುಮ್ಮನಾಗುವ ಬೆಳಕು ಕಂಡಿತು. ಅವಳು ತಂದುಕೊಟ್ಟ ಹಲ್ಲುಗಳಿಂದ ಒಂದೊಂದು ಅಕ್ಷರವನ್ನೂ ಬಿಡಿಸಿ ಉಚ್ಚರಿಸಿ, "ತಾಯೀ, ಲೈಟು ಉರಿಯುತ್ತಿದೆ," ಎಂದು ಬೇಕೆಂದೇ ಕೂಗಿದರು.

"ಕಂಡಿತಲ್ಲ ಮೇಷ್ಟ್ರೇ, ಅಷ್ಟು ಸಾಕು," ಎಂದು ಬೆಲ್ಲು ಬಾರಿಸಿ, ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿ, ಮುಂದಿನ ಕ್ಲಿನಿಕ್ಕಿನ ಕಡೆಗೆ ಹೊರಟುಹೋದಳು.